ಮುಳ್ಳು ಕೆಂಪಿಗೆ ಹೋಗಿತ್ತಾ?

"ಕಾರು ಬಿಳಿ ಹೊಗೆ ಬಿಡ್ತದೆ ಕಣ್ಲಾ."

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ, ಎಂಟೂವರೆಗೆ ಅಪ್ಪನ ಫೋನು. ನಾನು ಒಂದು ಕೈಯಲ್ಲಿ ದೋಸೆ ಮುರಿಯುತ್ತಾ, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ತೆರೆದು ಒಂಬತ್ತು ಗಂಟೆಯ ಮೀಟಿಂಗಿಗೆ ತಯಾರಾಗುತ್ತಿದ್ದೆ. ಫೋನನ್ನು ಸ್ಪೀಕರಿಗೆ ಹಾಕಿ, "ಯಾವಾಗ ಬಿಡ್ತದೆ?" ಅಂದೆ.

"ಈಗ ಸ್ಟಾರ್ಟ್ ಮಾಡ್ದೆ. ಹಿಂದ್ಗಡೆಯಿಂದ ಬುಸಬುಸ ಅಂತ ಬತ್ತಾ ಅದೆ."

ನನಗೆ ಇಂಥ ಪ್ರಶ್ನೆ ಅಂದರೆ ಖುಷಿ. ಉತ್ತರ ಗೊತ್ತಿರುವ ಪ್ರಶ್ನೆ. "ಅಪ್ಪಾ, ಅದು ಹೊಗೆ ಅಲ್ಲ, ಆವಿ. ಪೆಟ್ರೋಲ್ ಉರಿದ್ರೆ ನೀರು ಹುಟ್ಟುತ್ತೆ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚೂಕಮ್ಮಿ ಒಂದು ಲೀಟರ್ ನೀರು. ಚಳಿಗಾಲದಲ್ಲಿ ಸೈಲೆನ್ಸರ್ ತಣ್ಣಗಿರುತ್ತಲ್ಲ, ಆವಿ ಅಲ್ಲೇ ಮಂಜಿನ ಥರ ಬೆಳ್ಳಗೆ ಕಾಣುತ್ತೆ. ನಿನ್ನ ಬಾಯಿಂದ ಬರಲ್ವಾ ಬೆಳಿಗ್ಗೆ ಹೊತ್ತು, ಹಂಗೆ. ಹತ್ತು ನಿಮಿಷ ಓಡಿಸು, ನಿಂತೋಗುತ್ತೆ."

"ಹೂಂ" ಅಂದು ಅಪ್ಪ ಫೋನಿಟ್ಟ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಅಪ್ಪ ಕೇಳಿದ ಪ್ರಶ್ನೆಗೆ ಅದು ಉತ್ತರ ಆಗಿರಲಿಲ್ಲ ಅಂತ ಗೊತ್ತಾಗೋಕೆ ಮೂರು ದಿನ ಬೇಕಾಯಿತು.

ಮೂರನೇ ದಿನ ಮತ್ತೆ ಫೋನು. "ಮಧ್ಯಾನ್ನದ ಬಿಸ್ಲಲ್ಲೂ ಬತ್ತದೆ ಕಣ್ಲಾ. ಸಂತೆಗೆ ಹೋಗಿ ಬಂದೆ, ನಿಂತೇ ಇಲ್ಲ."

ಆಫೀಸಿನಲ್ಲಿ ಯಾರಾದರೂ ಗ್ರಾಹಕರು ಆ್ಯಪ್ ನಿಧಾನ ಆಗಿದೆ ಅಂತ ದೂರು ಕೊಟ್ಟರೆ, ನಮ್ಮ ಟೀಮಿನ ಹೊಸ ಹುಡುಗರು ಹಿಂದೆಮುಂದೆ ನೋಡದೆ ಕ್ಯಾಶ್ ಕ್ಲಿಯರ್ ಮಾಡಿ ಅಂತ ಬರೆದು ಕಳಿಸಿಬಿಡುತ್ತಾರೆ. ಮೊದಲು ಕೇಳಿಸಿಕೊಳ್ಳಿ, ಆಮೇಲೆ ಹೇಳಿ ಅಂತ ಅವರಿಗೆ ಬುದ್ಧಿ ಹೇಳುವವನು ನಾನೇ.

ಆ ಕಾರಿನ ಪೂರ್ವಾಪರ ಸ್ವಲ್ಪ ಹೇಳಬೇಕು. 2013ರಲ್ಲಿ, ಕೆಲಸಕ್ಕೆ ಸೇರಿ ಮೂರು ವರ್ಷ ಆದಮೇಲೆ ನಾನು ಕೊಂಡ ಮೊದಲ ಕಾರು ಅದು. ಬೆಳ್ಳಿ ಬಣ್ಣದ ಸಣ್ಣ ಪೆಟ್ರೋಲ್ ಕಾರು. ಮೊದಲ ಸಲ ಊರಿಗೆ ತೆಗೆದುಕೊಂಡು ಹೋದಾಗ ಅವ್ವ ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದ್ದಳು. ಬೆಂಗಳೂರಿನಲ್ಲಿ ಮಗಳು ಹುಟ್ಟಿದ ಮೇಲೆ ದೊಡ್ಡ ಕಾರು ತಗೊಂಡೆವು. ಹಳೆಯದನ್ನು ಮಾರಲು ಮನಸ್ಸು ಬರಲಿಲ್ಲ, ಊರಲ್ಲಿ ಬಿಟ್ಟೆ. ಅಪ್ಪ ಅರವತ್ತರ ಹತ್ತಿರ ಹತ್ತಿರ ಡ್ರೈವಿಂಗ್ ಕಲಿತ. ಟಿಲ್ಲರ್ ಓಡಿಸಿದ ಕೈ, ಬೇಗ ಕಲಿತ. ಚನ್ನರಾಯಪಟ್ಟಣಕ್ಕೆ ನಮ್ಮೂರಿಂದ ಹದಿನಾಲ್ಕು ಕಿಲೋಮೀಟರ್. ತೆಂಗಿನಕಾಯಿ ವ್ಯಾಪಾರ, ಬ್ಯಾಂಕು, ಔಷಧಿ ಅಂಗಡಿ, ಎಲ್ಲಕ್ಕೂ ಅದೇ ಕಾರು.

ಹಿಂದಿನ ಯುಗಾದಿಗೆ ಊರಿಗೆ ಹೋದಾಗ ಮುಂದಿನ ಬಂಪರ್ ಎಡಗಡೆ ತರಚಿತ್ತು. ಕೊಟ್ಟಿಗೆಯ ಕಲ್ಲಿನ ಕಂಬಕ್ಕೆ ತಾಗಿಸಿದ್ದ. ನಾನು ಏನು ಹೇಳಿದೆ ಅನ್ನೋದು ನನಗೆ ಚೆನ್ನಾಗಿ ನೆನಪಿದೆ. "ನಿನ್ ಕೈಗೆ ಕಾರು ಕೊಟ್ಟಿದ್ದೇ ತಪ್ಪು" ಅಂದೆ. ಪಕ್ಕದ ಮನೆಯವರು ಹಬ್ಬಕ್ಕೆ ಅಂತ ಬಂದು ಜಗಲಿಯಲ್ಲಿ ಕೂತಿದ್ದರು. ಅಪ್ಪ ಏನೂ ಮಾತಾಡದೆ ಹೋಗಿ ಹಸುವಿಗೆ ಹುಲ್ಲು ಹಾಕಿದ. ಅದು ಆವತ್ತಿಗೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ.

ನವೆಂಬರಿನಲ್ಲಿ ಕಾರು ನೀರು ಕುಡಿಯುತ್ತಿದೆ ಅಂತ ಅಪ್ಪ ಹೇಳಿದ್ದ. ರೇಡಿಯೇಟರಿಗೆ ಎರಡು ದಿನಕ್ಕೊಮ್ಮೆ ನೀರು ಹಾಕಬೇಕಾಗುತ್ತಿತ್ತಂತೆ. ಹತ್ತಿರದ ಒಂದು ಗ್ಯಾರೇಜಿನವರು ನೋಡಿ, ರೇಡಿಯೇಟರಿನ ಪಕ್ಕದ ಪ್ಲಾಸ್ಟಿಕ್ ತೊಟ್ಟಿ ಸೀಳಿದೆ, ಒಳಗಿನ ಕೊಳವೆಗಳಲ್ಲೆಲ್ಲ ಸುಣ್ಣ ಕಟ್ಟಿದೆ ಅಂದರು. ನಂಬುವಂಥದ್ದೇ. ನಮ್ಮೂರ ಬೋರ್‌ವೆಲ್ ನೀರು ಅಂಥದ್ದು. ಕಾಯಿಸುವ ಪಾತ್ರೆಯ ತಳದಲ್ಲಿ ಬೆಳ್ಳಗೆ ಪರೆ ಕಟ್ಟುತ್ತೆ, ಹಂಡೆಯನ್ನು ವರ್ಷಕ್ಕೊಮ್ಮೆ ಕೆರೆಯಬೇಕು. ಅದೇ ನೀರನ್ನು ರೇಡಿಯೇಟರಿಗೂ ಹಾಕುತ್ತಾ ಬಂದರೆ ಕಡ್ಡಿಯಷ್ಟು ಸಣ್ಣ ಕೊಳವೆಗಳು ಮುಚ್ಚಿಹೋಗದೆ ಇನ್ನೇನಾಗುತ್ತೆ? ಕೂಲಂಟ್ ಹಾಕೋದು ಬರೀ ಹಸಿರು ಬಣ್ಣಕ್ಕಲ್ಲ. ನೀರು ಕುದಿಯುವ ಮಟ್ಟವನ್ನು ಅದು ಮೇಲಕ್ಕೆ ಏರಿಸುತ್ತೆ, ಒಳಗೆ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುತ್ತೆ. ಅದನ್ನು ಅಪ್ಪನಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಕೀ ಕೊಡುವಾಗ ಮ್ಯೂಸಿಕ್ ಸಿಸ್ಟಂ ಹೇಗೆ ಹಾಕೋದು ಅಂತ ಮಾತ್ರ ತೋರಿಸಿಕೊಟ್ಟಿದ್ದೆ.

ಹೊಸ ರೇಡಿಯೇಟರ್, ಎರಡು ಹೋಸ್ ಪೈಪು, ಹೊಸ ಕ್ಯಾಪು, ಕೂಲಂಟು. ಒಟ್ಟು 7,600 ರೂಪಾಯಿ ಫೋನಿನಲ್ಲೇ ಕಳಿಸಿದ್ದೆ. ನೀರು ಸೋರುವುದು ನಿಂತಿತು. ಹೊಗೆ ಶುರುವಾಯಿತು.

ರಿಪೇರಿ ಆದಮೇಲೇ ತಾನೇ ಇದು ಬಂದಿದ್ದು? ಹಾಗಾದರೆ ಆ ಗ್ಯಾರೇಜಿನವರೇ ಏನೋ ಕೆಡಿಸಿದ್ದಾರೆ. ಹಾಗಂತ ತೀರ್ಮಾನ ಮಾಡಿ, ಅವರಿಗೆ ಏನೇನು ಹೇಳಬೇಕು ಅಂತ ಮನಸ್ಸಿನಲ್ಲೇ ಸಾಲು ಜೋಡಿಸಿಕೊಂಡು ಶುಕ್ರವಾರ ರಾತ್ರಿ ಊರಿಗೆ ಹೊರಟೆ. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್ ದಾಟುವಷ್ಟರಲ್ಲಿ ನನ್ನ ಜಗಳ ಪೂರ್ತಿ ಸಿದ್ಧವಾಗಿತ್ತು.

ಶನಿವಾರ ಬೆಳಿಗ್ಗೆ ಜಗಳಕ್ಕೆ ಮುಂಚೆ ಸಾಕ್ಷಿ ಇರಲಿ ಅಂತ ನಾನೇ ಪರೀಕ್ಷೆ ಶುರುಮಾಡಿದೆ. ಹೊಗೆಯ ಬಣ್ಣದಿಂದಲೇ ಅರ್ಧ ವಿಷಯ ಗೊತ್ತಾಗುತ್ತೆ. ನೀಲಿ ಛಾಯೆ ಇದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪಿದ್ದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಬಿಳಿ ಅಂದರೆ ನೀರು. ಆದರೆ ಎಲ್ಲಿಯ ನೀರು? ಪೆಟ್ರೋಲ್ ಉರಿದು ಹುಟ್ಟಿದ ನೀರಾದರೆ ಸೈಲೆನ್ಸರ್ ಕಾದ ಮೇಲೆ ಕಾಣಬಾರದು, ಬಂದರೂ ಗಾಳಿಯಲ್ಲಿ ತಕ್ಷಣ ಕರಗಿಹೋಗಬೇಕು. ಕೂಲಂಟ್ ಎಂಜಿನ್ನಿನೊಳಗೆ ನುಗ್ಗಿ ಆವಿಯಾಗುತ್ತಿದ್ದರೆ ಎಂಜಿನ್ ಕಾದರೂ ಹೊಗೆ ನಿಲ್ಲಲ್ಲ, ದಟ್ಟವಾಗಿ ಹಿಂದೆ ತೇಲುತ್ತೆ, ಸ್ವಲ್ಪ ಸಿಹಿ ವಾಸನೆ ಇರುತ್ತೆ.

ಇನ್ನೊಂದು ಸಾಧ್ಯತೆಯನ್ನೂ ಬಿಡುವಂತಿರಲಿಲ್ಲ. ರಿಪೇರಿಗೆ ಮುಂಚೆ ಯಾವಾಗಲೋ ಸೈಲೆನ್ಸರಿನೊಳಗೆ ನೀರು ಸೇರಿಕೊಂಡಿದ್ದರೆ ಅದು ಒಣಗೋವರೆಗೂ ಬಿಳಿ ಆವಿ ಬರುತ್ತಲೇ ಇರುತ್ತೆ. ಅದಕ್ಕೆ ಮದ್ದು ಒಂದೇ, ಚೆನ್ನಾಗಿ ಓಡಿಸೋದು.

ಎಂಜಿನ್ ತಣ್ಣಗಿದ್ದಾಗಲೇ ಕೂಲಂಟಿನ ಸಣ್ಣ ಡಬ್ಬಿಯ ಮೇಲೆ ಮಟ್ಟಕ್ಕೆ ಸರಿಯಾಗಿ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದೆ. ಬಿಸಿ ಆದಾಗ ಆ ಮಟ್ಟ ಏರುತ್ತೆ, ಹೋಲಿಸಿ ನೋಡೋದಾದರೆ ಎರಡು ಸಲವೂ ತಣ್ಣಗಿದ್ದಾಗಲೇ ನೋಡಬೇಕು. ಅಪ್ಪನನ್ನು ಪಕ್ಕ ಕೂರಿಸಿಕೊಂಡು ಶ್ರವಣಬೆಳಗೊಳದ ಕಡೆ ಒಂದು ಗಂಟೆ ಓಡಿಸಿದೆ. ವಾಪಸ್ ಬಂದು ಎಂಜಿನ್ ಆಫ್ ಮಾಡದೆ ಹಿಂದೆ ಹೋಗಿ ನೋಡಿದರೆ ಬಿಸಿಲಲ್ಲಿ ಬೆಳ್ಳನೆಯ ಹೊಗೆ. ಅಗರಬತ್ತಿ ಹೊಗೆಯಂತೆ ನಿಧಾನಕ್ಕೆ ಕೊಟ್ಟಿಗೆ ಕಡೆ ತೇಲಿಹೋಗುತ್ತಿತ್ತು. ಬಿಳಿ ಹಾಳೆಯೊಂದನ್ನು ಕೊಳವೆಯ ಬಾಯಿಗೆ ಅಡ್ಡ ಹಿಡಿದೆ. ಹನಿಗಳು ಕೂತವು. ಒಣಗಿದ ಮೇಲೆ ಎಣ್ಣೆ ಕಲೆ ಇಲ್ಲ. ಅಂದರೆ ಆಯಿಲ್ ಅಲ್ಲ, ನೀರೇ.

ರಾತ್ರಿ ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿ ಬಿಟ್ಟೆ. ಭಾನುವಾರ ಬೆಳಿಗ್ಗೆ ಪೇಪರ್ ಒಣಗಿಯೇ ಇತ್ತು. ಡಬ್ಬಿಯಲ್ಲಿ ಮಟ್ಟ ಗೆರೆಗಿಂತ ಒಂದು ಬೆರಳು ಕೆಳಗಿತ್ತು. ಹೊರಗೆ ಒಂದು ಹನಿ ಬಿದ್ದಿಲ್ಲ, ಆದರೂ ನೀರು ಕಡಿಮೆಯಾಗಿದೆ. ಲೆಕ್ಕ ಸಿಕ್ಕಿಬಿಟ್ಟಿತ್ತು. ನನಗೆ ಅದು ಬೇಕಿರಲಿಲ್ಲ.

ಎಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ಮಧ್ಯೆ ಒಂದು ತೆಳು ಹಾಳೆ ಇರುತ್ತೆ. ಹೆಡ್ ಗ್ಯಾಸ್ಕೆಟ್. ಒಂದು ಕಡೆ ಬೆಂಕಿ, ಒಂದು ಕಡೆ ನೀರು, ಇನ್ನೊಂದು ಕಡೆ ಆಯಿಲು, ಮೂರೂ ಬೆರೆಯದ ಹಾಗೆ ಕಾಯುವ ಕೆಲಸ ಅದರದ್ದು. ಅದು ಹೋಯಿತು ಅಂದರೆ ಎಂಜಿನ್ ಬಿಚ್ಚಲೇಬೇಕು. ಫೋನಿನಲ್ಲಿ ಹೆಂಡತಿಗೆ ಹೇಳಿದೆ. "ಮಾರಿಬಿಡಿ, ಅಷ್ಟು ಖರ್ಚು ಮಾಡೋ ಬದಲು ಮಾವಂಗೆ ಆಟೋ ಮಾಡ್ಕೊಂಡು ಹೋಗೋಕೆ ಹೇಳಿ" ಅಂದಳು. ನನಗೂ ಹಾಗೇ ಅನ್ನಿಸಿತು. ಅಪ್ಪನಿಗೆ ಹೇಳಿದಾಗ ಅವನು ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಅವ್ವ ಮಾತ್ರ ಒಳಗಿಂದ, "ರಾತ್ರಿ ಹೊತ್ನಲ್ಲಿ ಏನಾರ ಆದ್ರೆ ಯಾವ ಆಟೋ ಬತ್ತದಪ್ಪ ಈ ಊರಿಗೆ" ಅಂದಳು. ಆ ಮಾತು ಯಾಕೆ ಬಂತು ಅಂತ ನಾನು ಕೇಳಲಿಲ್ಲ.

ಸೋಮವಾರ ರಜೆ ಹಾಕಿ, ದಾರಿಯುದ್ದಕ್ಕೂ ಮೀಟರ್ ನೋಡಿಕೊಂಡು, ಎರಡು ಕಡೆ ನಿಲ್ಲಿಸಿ ತಣ್ಣಗೆ ಮಾಡಿಕೊಂಡು ಪಟ್ಟಣಕ್ಕೆ ಹೋದೆವು. ಬಿ.ಎಂ. ರಸ್ತೆ ಬದಿಯಲ್ಲಿ ಒಬ್ಬರು ಹಳೆಯ ಮೇಸ್ತ್ರಿ ಇದ್ದಾರೆ. ಶೀಟು ಹೊದಿಸಿದ ಶೆಡ್ಡು, ಗೋಡೆ ತುಂಬ ಸ್ಪ್ಯಾನರುಗಳು, ಇಬ್ಬರು ಹುಡುಗರು. ನನ್ನ ವರದಿಯನ್ನೆಲ್ಲ ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಮಾರ್ಕರ್ ಗೆರೆ ನೋಡಿ, "ಒಳ್ಳೆ ಕೆಲ್ಸ ಮಾಡಿದೀರ ಸಾರ್" ಅಂದರು. ಆಮೇಲೆ ಅಪ್ಪನ ಕಡೆ ತಿರುಗಿ ಕೇಳಿದರು.

"ಮುಳ್ಳು ಕೆಂಪಿಗೆ ಹೋಗಿತ್ತಾ ಯಜಮಾನ್ರೇ?"

ಅಪ್ಪ ನನ್ನ ಮುಖ ನೋಡಿದ. "ಇಲ್ಲ" ಅಂದ.

ಮೇಸ್ತ್ರಿ ಮತ್ತೆ ಕೇಳಲಿಲ್ಲ. ರೇಡಿಯೇಟರ್ ಪೂರ್ತಿ ತಣ್ಣಗಾಗಿದೆ ಅಂತ ಖಾತ್ರಿ ಮಾಡಿಕೊಂಡು ಕ್ಯಾಪ್ ತೆಗೆದರು. ಬಿಸಿ ಇದ್ದಾಗ ಅದನ್ನು ತೆಗೆಯಲೇಬಾರದು, ಕುದಿನೀರು ಮುಖಕ್ಕೇ ಹಾರುತ್ತೆ. ಕ್ಯಾಪಿನ ಮೇಲೆ 0.9 ಅಂತ ಕೊರೆದಿತ್ತು. ಅದು ಒತ್ತಡದ ಲೆಕ್ಕ. ನಮ್ಮ ಎತ್ತರದ ಊರುಗಳಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಈ ಕ್ಯಾಪು ಬಿಗಿಯಾಗಿ ಮುಚ್ಚಿ ಒತ್ತಡ ಹಿಡಿದಿಟ್ಟರೆ 110 ಡಿಗ್ರಿ ದಾಟಿದರೂ ಕುದಿಯಲ್ಲ. ಕುಕ್ಕರಿನ ಹಾಗೇ. ಕ್ಯಾಪಿದ್ದ ಜಾಗಕ್ಕೆ ಮೀಟರ್ ಇರುವ ಸಣ್ಣ ಕೈಪಂಪು ಸಿಕ್ಕಿಸಿ ಅಷ್ಟೇ ಒತ್ತಡಕ್ಕೆ ಗಾಳಿ ತುಂಬಿದರು. ಕಾಲು ಗಂಟೆಯಲ್ಲಿ 0.9 ಇದ್ದದ್ದು 0.6ಕ್ಕೆ ಇಳಿಯಿತು. ಹೊರಗೆ ಎಲ್ಲೂ ಸೋರಿಕೆ ಇಲ್ಲ.

ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಮೂರರ ತುದಿ ಕಾಫಿಪುಡಿ ಬಣ್ಣ. ಮೂರನೇ ಸಿಲಿಂಡರಿನದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗೆ. "ಆವೀಲಿ ದಿನಾ ಸ್ನಾನ ಮಾಡಿದೆ ನೋಡಿ ಇದು" ಅಂದರು. ಪ್ಲಗ್ಗಿಲ್ಲದೆಯೇ ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದರು. ಮೂರನೇ ತೂತಿನಿಂದ ಚುರ್ರನೆ ನೀರು ಚಿಮ್ಮಿ ಶೆಡ್ಡಿನ ಕಂಬ ಒದ್ದೆಯಾಯಿತು. ಅಲ್ಲಿಗೆ ವಾದ ಮುಗಿಯಿತು.

ನಾನು ನನ್ನ ಜಗಳ ತೆಗೆದೆ. "ಹಿಂದೆ ರಿಪೇರಿ ಮಾಡ್ದೋರು ಕೆಡ್ಸಿದ್ದಾರೆ ಅಲ್ವಾ ಮೇಸ್ತ್ರಿ? ಅಲ್ಲೀವರೆಗೂ ಹೊಗೆ ಇರಲಿಲ್ಲ."

"ಇಲ್ಲ ಸಾರ್. ಅವ್ರು ಮಾಡಿರೋದು ಸರೀಗೇ ಇದೆ. ಅದಕ್ಕೇ ಹೊಗೆ ಬಂದಿರೋದು."

ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಗ್ಯಾಸ್ಕೆಟ್ ಮುಂಚೇನೇ ಹೋಗಿತ್ತು. ಆದರೆ ಹಳೆಯ ರೇಡಿಯೇಟರ್ ಸೀಳಿದ್ದರಿಂದ ಒತ್ತಡ ನಿಲ್ಲುತ್ತಿರಲಿಲ್ಲ, ನೀರು ಹೊರಗೇ ಸೋರಿ ಹೋಗುತ್ತಿತ್ತು. ಹೊಸ ರೇಡಿಯೇಟರ್, ಹೊಸ ಕ್ಯಾಪು ಬಿಗಿಯಾಗಿ ಕೂತ ಮೇಲೆ ಪೂರ್ತಿ ಒತ್ತಡ ಬಂತು. "ಹೊರಗೆ ಹೋಗೋಕೆ ದಾರಿ ಇಲ್ದಿದ್ರೆ ಒಳಕ್ಕೆ ಹೋಗುತ್ತೆ ಸಾರ್, ನೀರಿನ ಗುಣ ಅದು."

ಒಂದು ಬಗ್ ಸರಿಮಾಡಿದಾಗ ಅದರ ಹಿಂದೆ ಅಡಗಿದ್ದ ಇನ್ನೊಂದು ಹೊರಗೆ ಬರೋದನ್ನು ನಾನು ಎಷ್ಟು ಸಲ ನೋಡಿಲ್ಲ? ಆದರೂ ಕೊನೆಯಲ್ಲಿ ಕೈಹಾಕಿದವನೇ ತಪ್ಪಿತಸ್ಥ ಅಂತ ತೀರ್ಮಾನಿಸಿ ನೂರೈವತ್ತು ಕಿಲೋಮೀಟರ್ ಬಂದಿದ್ದೆ.

"ಗ್ಯಾಸ್ಕೆಟ್ ಯಾಕೆ ಹೋಯ್ತು ಅಂತ ಗೊತ್ತಾಗ್ಬೇಕು" ಅಂದರು ಮೇಸ್ತ್ರಿ. "ಅದು ಗೊತ್ತಿಲ್ದೆ ಹೊಸದು ಹಾಕಿದ್ರೆ ಅದೂ ಹೋಗುತ್ತೆ." ಆಮೇಲೆ ನನಗೆ, "ಸಾರ್, ಸರ್ಕಲ್ ಹತ್ರ ಡಿಸ್ಟಿಲ್ಡ್ ವಾಟರ್ ಸಿಗುತ್ತೆ. ಐದು ಲೀಟರ್ ಕ್ಯಾನು ಒಂದು ತಂದ್ಬಿಡ್ತೀರಾ?" ಅಂದರು.

ತಂದೆ. ವಾಪಸ್ ಬಂದು ಇಳಿಸುವಾಗ ನೋಡುತ್ತೇನೆ, ಶೆಡ್ಡಿನ ಮೂಲೆಯಲ್ಲಿ ಅಂಥದ್ದೇ ನಾಲ್ಕು ಕ್ಯಾನು ಸಾಲಾಗಿ ಇವೆ. ಅಪ್ಪನೂ ಮೇಸ್ತ್ರಿಯೂ ಟೈರುಗಳ ಮೇಲೆ ಕೂತು ಟೀ ಕುಡಿಯುತ್ತಿದ್ದರು. ನನ್ನನ್ನು ಕಂಡು ಅಪ್ಪ ಲೋಟದೊಳಗೆ ನೋಡತೊಡಗಿದ.

"ಹೋಗಿತ್ತಂತೆ ಸಾರ್ ಮುಳ್ಳು" ಅಂದರು ಮೇಸ್ತ್ರಿ, ಹವಾಮಾನ ಹೇಳುವ ದನಿಯಲ್ಲಿ. "ಕೆಂಪಿಗೆ ಹೋಗಿ, ಸ್ವಲ್ಪ ಹೊತ್ತಾದ್ಮೇಲೆ ತಾನಾಗೇ ಕೆಳಗೆ ಬಂತಂತೆ. ಸರಿಹೋಯ್ತು ಅಂದ್ಕೊಂಡು ಓಡ್ಸಿದಾರೆ. ಅವ್ರ ತಪ್ಪಿಲ್ಲ. ಯಾರಾದ್ರೂ ಹಂಗೇ ಅಂದ್ಕೊತಾರೆ."

ಮುಳ್ಳು ಯಾಕೆ ಕೆಳಗೆ ಬಂತು ಅನ್ನೋದನ್ನು ಕಾರು ಓಡಿಸುವ ಎಲ್ಲರೂ ತಿಳಿದಿರಬೇಕು. ಬಿಸಿ ಅಳೆಯುವ ಸೆನ್ಸರ್ ಇರೋದು ನೀರಿನೊಳಗೆ. ನೀರೇ ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತರೆ ಅದಕ್ಕೆ ಎಂಜಿನ್ನಿನ ಬಿಸಿ ಸರಿಯಾಗಿ ಮುಟ್ಟಲ್ಲ. ಎಂಜಿನ್ ಕೆಂಡವಾಗಿರುತ್ತೆ, ಮುಳ್ಳು ಮಾತ್ರ ಇಳಿದಿರುತ್ತೆ. ಕೆಂಪಿಗೆ ಹೋದ ಮುಳ್ಳು ಕಾರಣವಿಲ್ಲದೆ ಇಳಿಯಿತು ಅಂದರೆ ಅದು ಸಮಾಧಾನ ಪಡುವ ವಿಷಯ ಅಲ್ಲ, ಆ ಕ್ಷಣವೇ ಎಂಜಿನ್ ಆಫ್ ಮಾಡಿ ನಿಲ್ಲಿಸಬೇಕು.

"ಯಾವಾಗ ಅಪ್ಪಾ ಇದು?"

"ಶ್ರಾವಣದಲ್ಲಿ."

"ಎಲ್ಲಿಗ್ ಹೋಗಿದ್ದೆ?"

ಅಪ್ಪ ಉಳಿದ ಟೀ ಕುಡಿದು ಲೋಟ ಕೆಳಗಿಟ್ಟ. "ನಿಮ್ಮವ್ವನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ದೆ."

ಶ್ರಾವಣ ಶನಿವಾರ ಅವ್ವ ಒಪ್ಪತ್ತು ಇರುತ್ತಾಳೆ. ಆ ದಿನ ಹರಿಸೇವೆ, ನೆಂಟರು ಅಂತ ಆ ಒಂದು ಹೊತ್ತಿನ ಊಟವೂ ಸರಿಯಾಗಿ ಆಗಿರಲಿಲ್ಲ. ಶುಗರ್ ಮಾತ್ರೆ ಮಾತ್ರ ತಪ್ಪಿಸದೆ ನುಂಗಿದ್ದಳು. ಕೆಲವು ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ತೀರಾ ಕೆಳಗಿಳಿಯುತ್ತೆ. ರಾತ್ರಿ ಹನ್ನೊಂದಕ್ಕೆ ಮೈಯೆಲ್ಲ ಬೆವೆತು, ಏನೇನೋ ತೊದಲಿ, ಆಮೇಲೆ ಕರೆದರೂ ಓಗೊಡದ ಹಾಗೆ ಆಗಿದ್ದಳಂತೆ. ಅಪ್ಪ ಒಬ್ಬನೇ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟ. ಒಂಬತ್ತು ಕಿಲೋಮೀಟರ್ ಆದಮೇಲೆ ಮುಳ್ಳು ಕೆಂಪಿಗೆ ಹೋಯಿತು.

"ನಿಲ್ಸಿ ನೀರ್ ಹಾಕಣ ಅಂದ್ರೆ ಕತ್ಲು. ಹಿಂದ್ಗಡೆ ಇವ್ಳು ಉಸ್ರಾಡ್ತಾ ಅವ್ಳೋ ಇಲ್ವೋ ಗೊತ್ತಾಯ್ತಿಲ್ಲ. ಹೋದ್ರೆ ಕಾರ್ ಹೋಗ್ಲಿ ಅಂತ ಹೊಡ್ದೆ. ಆಮೇಕೆ ಮುಳ್ಳು ಇಳೀತು. ದೇವ್ರು ದೊಡ್ಡೋನು ಅಂದ್ಕೊಂಡೆ."

ಆಸ್ಪತ್ರೆಯಲ್ಲಿ ಗ್ಲೂಕೋಸ್ ಕೊಟ್ಟ ಸ್ವಲ್ಪ ಹೊತ್ತಿಗೆ ಅವ್ವ ಕಣ್ಣುಬಿಟ್ಟಳು. ಬೆಳಿಗ್ಗೆ ಅಲ್ಲಿಯ ನಲ್ಲಿಯಿಂದಲೇ ಎರಡು ಬಾಟಲಿ ನೀರು ಹಿಡಿದು ರೇಡಿಯೇಟರಿಗೆ ಹಾಕಿ ಇಬ್ಬರೂ ಊರಿಗೆ ಬಂದರು. ಆ ಭಾನುವಾರ ನಾನು ವಿಡಿಯೊ ಕಾಲ್ ಮಾಡಿದ್ದೆ. ಮಗಳು ಹೊಸದಾಗಿ ಕಲಿತ ಹಾಡು ಹೇಳಿದ್ದಳು. ಅವ್ವ ನಗುತ್ತಾ ಕೇಳಿಸಿಕೊಂಡಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?" ಅಂದೆ. ದನಿ ಏರಿತ್ತು ಅಂತ ಕಾಣುತ್ತೆ, ಕೆಲಸದ ಹುಡುಗ ತಿರುಗಿ ನೋಡಿದ.

ಅಪ್ಪ ನನ್ನ ಕಡೆ ನೋಡಲಿಲ್ಲ. "ಬಂಪರ್ ತರ್ಚಿದ್ಕೇ ಅಷ್ಟ್ ಕೂಗಾಡ್ದೆ. ಇದ್ನ ಹೇಳಿದ್ರೆ ಏನ್ ಮಾಡ್ತಿದ್ಯೋ ಅಂತ. ಕಾರೂ ಕಿತ್ಕೊಂಡು ಹೋದ್ರೆ ಇನ್ನೊಂದ್ ದಿನ ರಾತ್ರಿ ಹಿಂಗೇ ಆದ್ರೆ ನಾನೇನ್ ಮಾಡ್ಲಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನ ರಾತ್ರಿಯೇ, ಕಾರು ಮಾರಿಬಿಡೋಣ ಅಂತ ನಾನು ಹೇಳಿದ್ದೆನಲ್ಲ.

ನಮ್ಮ ಆಫೀಸಿನಲ್ಲಿ ಸರ್ವರ್ ಬಿದ್ದು ಗ್ರಾಹಕರಿಗೆ ತೊಂದರೆಯಾದರೆ, ಮರುದಿನ ಎಲ್ಲರೂ ಕೂತು ಏನಾಯಿತು ಅಂತ ಮೊದಲಿನಿಂದ ಬರೆಯುತ್ತೇವೆ. ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಂ ಅಂತ ಅದರ ಹೆಸರು. ನಮ್ಮ ಟೀಮಿನಲ್ಲಿ ಅದನ್ನು ನಡೆಸುವವನು ನಾನೇ. ಮೊದಲ ನಿಯಮ, ಯಾರು ಮಾಡಿದರು ಅಂತ ಕೇಳಬಾರದು, ಏನಾಯಿತು ಅಂತ ಕೇಳಬೇಕು. ಯಾಕಂದರೆ ಬೈಗುಳ ಬೀಳುತ್ತೆ ಅಂತ ಗೊತ್ತಿದ್ದರೆ ಮನುಷ್ಯ ಮುಚ್ಚಿಡುತ್ತಾನೆ, ಮುಚ್ಚಿಟ್ಟರೆ ಮೂಲ ಕಾರಣ ಸಿಗಲ್ಲ, ಅದೇ ಅನಾಹುತ ಮತ್ತೆ ಆಗುತ್ತೆ. ಒಮ್ಮೆ ಹೊಸ ಹುಡುಗನೊಬ್ಬ ತಪ್ಪಿ ಒಂದು ಟೇಬಲ್ ಪೂರ್ತಿ ಅಳಿಸಿದಾಗ, ಅವನ ಹೆಗಲ ಮೇಲೆ ಕೈಯಿಟ್ಟು "ಧೈರ್ಯವಾಗಿ ಹೇಳು, ಏನೂ ಆಗಲ್ಲ" ಅಂದವನು ನಾನು. ಹೆತ್ತ ಅಪ್ಪನಿಗೆ ನಾನು ಅಷ್ಟೂ ಮಾಡಿರಲಿಲ್ಲ.

ನನ್ನ ಪರೀಕ್ಷೆಗಳಲ್ಲಿ ತಪ್ಪಿರಲಿಲ್ಲ. ಮಾರ್ಕರ್ ಗೆರೆ ಸರಿ, ಪೇಪರ್ ಸರಿ, ಹೊಗೆಯ ಲಕ್ಷಣ ಸರಿ. ಅದರಿಂದ ಗ್ಯಾಸ್ಕೆಟ್ ಹೋಗಿದೆ ಅನ್ನೋವರೆಗೆ ಮುಟ್ಟಬಹುದಿತ್ತು. ಯಾಕೆ ಹೋಯಿತು ಅನ್ನೋದನ್ನು ಅಪ್ಪನೇ ಹೇಳಬೇಕಿತ್ತು. ಅವನು ನನಗೆ ಹೇಳದ ಹಾಗೆ ನಾನೇ ಮಾಡಿದ್ದೆ. ಒಂದು ಟೀ, ಒಂದು ಸುಳ್ಳು ನೆಪ, ಹತ್ತು ನಿಮಿಷದ ಪುರುಸೊತ್ತು. ಮೇಸ್ತ್ರಿ ಖರ್ಚು ಮಾಡಿದ್ದು ಅಷ್ಟೇ.

ಎಂಜಿನ್ ಬಿಚ್ಚಿದಾಗ ಮೂರನೇ ಸಿಲಿಂಡರಿನ ಪಕ್ಕ ಗ್ಯಾಸ್ಕೆಟ್ ಕರಕಲಾಗಿ, ನೀರಿನ ದಾರಿಯವರೆಗೂ ಸಣ್ಣ ಸೀಳು ಬಿಟ್ಟಿತ್ತು. ಹೆಡ್ಡು ಅಲ್ಯೂಮಿನಿಯಂ, ಅತಿಯಾಗಿ ಕಾದರೆ ಸೊಟ್ಟಗಾಗುತ್ತೆ. ಅದರ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು, ಸಂದಿಯಲ್ಲಿ ತೆಳು ತಗಡಿನ ಗೇಜ್ ತೂರಿಸಿ ತೋರಿಸಿದರು. ಹೆಚ್ಚೆಂದರೆ ಕೂದಲೆಳೆಯಷ್ಟು ಸಂದಿ. ನೀರಿಗೆ ಅಷ್ಟೇ ಸಾಕು. ಹಾಸನದ ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಿದರು. ಹೊಸ ಗ್ಯಾಸ್ಕೆಟ್, ಹೊಸ ಆಯಿಲ್, ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಕ್ಕೆ, ಹಂತಹಂತವಾಗಿ ಟಾರ್ಕ್ ರೆಂಚಿನಲ್ಲೇ ಬಿಗಿಯೋದು. ಕೊನೆಗೆ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ತುಂಬಿ, ಕ್ಯಾಪ್ ತೆರೆದೇ ಎಂಜಿನ್ ಓಡಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯೆಲ್ಲ ಗುಳ್ಳೆಯಾಗಿ ಹೊರಬರುವವರೆಗೂ ಕಾದರು. "ಗುಳ್ಳೆ ನಿಂತ್ರೆ ಗಾಳಿ ಇತ್ತು ಅಂತ. ನಿಲ್ಲದೇ ಇದ್ರೆ ಬೆಂಕಿ ಇನ್ನೂ ನೀರಿಗೆ ಬರ್ತಿದೆ ಅಂತ" ಅಂದರು. ಗುಳ್ಳೆ ನಿಂತವು. ಒಟ್ಟು 18,400 ರೂಪಾಯಿ. ನಾನು ತಂದಿದ್ದ ಕ್ಯಾನಿನ ದುಡ್ಡನ್ನು ಬಿಲ್ಲಿನಲ್ಲಿ ಕಳೆದಿದ್ದರು.

ಸೋಮವಾರ ಸಂಜೆ ಬಸ್ಸಿನಲ್ಲಿ ಊರಿಗೆ ಹೋದೆವು. ಅಪ್ಪನಿಗೂ ನನಗೂ ಅಷ್ಟಾಗಿ ಮಾತಿಲ್ಲ. ಮನೆ ಹತ್ತಿರ ಬಂದಾಗ, "ಬಂಪರ್ ವಿಷ್ಯಕ್ಕೆ ಹಂಗ್ ಕೂಗಾಡ್ಬಾರ್ದಾಗಿತ್ತು ಅಪ್ಪಾ" ಅಂದೆ. ಅವನು, "ಏ ಬುಡ್ಲಾ, ಅದೆಲ್ಲ ಯಾಕೀಗ" ಅಂದ. ರಾತ್ರಿ ಅವ್ವನ ಪಕ್ಕ ಕೂತು ಅವಳ ಮಾತ್ರೆಗಳ ಚೀಟಿ ನೋಡಿದೆ. ಬೈಯಲಿಲ್ಲ. "ಆವತ್ತು ಏನೇನಾಯ್ತು, ಮೊದ್ಲಿಂದ ಹೇಳವ್ವ" ಅಂದೆ. ಅವಳು ಹೇಳಿದ್ದರಲ್ಲಿ ನನಗೆ ಗೊತ್ತಾದ ಹೊಸ ಸಂಗತಿ ಅಂದರೆ ಅದು ಮೊದಲನೇ ಸಲ ಆಗಿರಲಿಲ್ಲ. ಅದಕ್ಕೂ ಮುಂಚೆ ಎರಡು ಸಲ ತಲೆಸುತ್ತಿ ಬೆವೆತು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಸುಧಾರಿಸಿಕೊಂಡಿದ್ದಳು. ಮಾರನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮಾತ್ರೆ ಬದಲಿಸಿದರು. ಒಪ್ಪತ್ತು ಮಾಡೋದಾದರೆ ಮೊದಲೇ ಬಂದು ಕೇಳಮ್ಮ ಅಂದರು. ಮನೆಗೊಂದು ಶುಗರ್ ನೋಡುವ ಮೆಷಿನ್ ತಂದಿಟ್ಟೆವು. ಕಾರು ಮಾರುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಜನವರಿಯಲ್ಲಿ ಮತ್ತೆ ಒಂದು ಬೆಳಿಗ್ಗೆ ಫೋನು. "ಹೊಗೆ ಬತ್ತಾ ಅದೆ ಕಣ್ಲಾ."

ಎದೆ ಒಂದು ಸಲ ಧಸಕ್ ಅಂದಿತು. ಲ್ಯಾಪ್‌ಟಾಪ್ ಮುಚ್ಚಿ ಕೇಳಿದೆ. ಎಷ್ಟು ಹೊತ್ತಿನಿಂದ? ಕೂಲಂಟ್ ಗೆರೆ ಹತ್ತಿರ ಇದೆಯಾ? ವಾಸನೆ ಏನಾದರೂ? ಮುಳ್ಳು ಎಲ್ಲಿದೆ? ಅಪ್ಪ ಒಂದೊಂದನ್ನೇ ನೋಡಿ ಹೇಳಿದ. ಗೆರೆ ಸರಿಯಾಗಿತ್ತು. ಫೋನ್ ಇಡದೆ ಹತ್ತು ನಿಮಿಷ ಊರ ಸುತ್ತ ಓಡಿಸಿಕೊಂಡು ಬಾ ಅಂದೆ, ಅವ್ವ ಫೋನ್ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಒಂಬತ್ತರ ಮೀಟಿಂಗಿಗೆ ತಡವಾಗಿ ಬರ್ತೀನಿ ಅಂತ ಮೆಸೇಜ್ ಹಾಕಿದೆ.

"ನಿಂತೋಯ್ತು" ಅಂದ ಅಪ್ಪ. ಅದು ಬರೀ ಆವಿ. ಹೊರಗೆ ಇಬ್ಬನಿ ಬಿದ್ದಿತ್ತಂತೆ.

ಫೋನಿಡುವ ಮುಂಚೆ ಅಪ್ಪ ಸ್ವಲ್ಪ ತಡೆದು, "ಇನ್ನೊಂದ್ ಇಷ್ಯ. ನೆನ್ನೆ ರಿವರ್ಸ್ ತಗೊಳ್ವಾಗ ಹಿಂದ್ಗಡೆ ಲೈಟು ತಾಕ್ಬುಡ್ತು. ಗಾಜು ಹೋಯ್ತು" ಅಂದ.

ಗಂಟಲವರೆಗೂ ಏನೋ ಬಂತು. ನುಂಗಿಕೊಂಡೆ.

"ನಿಂಗೇನೂ ಆಗ್ಲಿಲ್ವಾ?" ಅಂದೆ.

"ನಂಗೇನಾಯ್ತದೆ" ಅಂತ ಅಪ್ಪ ನಕ್ಕ. ಆಮೇಲೆ ಯಾವ ಕಂಬ, ಹೇಗೆ ತಾಗಿತು, ಅವ್ವ ಏನಂದಳು, ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದ.